ಫಲವನ್ನು ನೋಡಿ ಸಂಬಳ: 1862ರ ಕಟ್ಟಳೆಯೂ ಉಪಾಧ್ಯಾಯರ ವಿರೋಧವೂ

ಉಪಾಧ್ಯಾಯನ ಯೋಗ್ಯತೆಯನ್ನು ಅಳೆಯುವ ಬಗೆ ಯಾವುದು ಎಂಬ ಪ್ರಶ್ನೆಯು ಬಹು ಹಳೆಯದು. ಕಾಳಿದಾಸನ ‘ಮಾಳವಿಕಾಗ್ನಿಮಿತ್ರ’ದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚಿನವರೆಂದು ಕಲಹಮಾಡಿಕೊಂಡು ರಾಜನ ಬಳಿಗೆ ಬರುತ್ತಾರೆ. ಶಿಷ್ಯೆಯರ ಪ್ರಯೋಗವನ್ನು ನೋಡಿ ಗುರುಗಳ ತಾರತಮ್ಯವನ್ನು ನಿರ್ಣಯಿಸಬೇಕೆಂದು ಅಲ್ಲಿ ಗೊತ್ತಾಗುತ್ತದೆ. ಆಗ ರಾಣಿ ಧಾರಿಣಿಯು ಒಂದು ಸಂದೇಹವನ್ನೆತ್ತುತ್ತಾಳೆ: ಶಿಷ್ಯೆಯು ಮಂದಮತಿಯಾಗಿ ಉಪದೇಶವನ್ನು ಕೆಡಿಸಿದರೆ ಅದು ಆಚಾರ್ಯನ ದೋಷವೆ? ಅಪಾತ್ರರನ್ನು ಶಿಷ್ಯರನ್ನಾಗಿ ಪರಿಗ್ರಹಿಸಿದುದೇ ಗುರುವಿನ ಬುದ್ಧಿಯ ಕೊರತೆಯನ್ನು ತೋರಿಸುತ್ತದೆಂಬ ಅಭಿಪ್ರಾಯದ ಉತ್ತರವು ಅದಕ್ಕೆ ದೊರೆಯುತ್ತದೆ. ರಾಜನ ಆಶ್ರಯದಲ್ಲಿದ್ದು ತನಗೆ ಬೇಕಾದ ಶಿಷ್ಯರನ್ನು ಆರಿಸಿಕೊಳ್ಳಬಲ್ಲ ಗುರುವಿಗೆ ಈ ಉತ್ತರವು ಒಪ್ಪುವುದು. ಆದರೆ ಊರಿನ ಬಡವರ ಮಕ್ಕಳೆಲ್ಲರನ್ನೂ, ಹಸಿದವರನ್ನೂ, ದಡ್ಡರನ್ನೂ, ವಾರಕ್ಕೆ ಎರಡು ದಿನ ಬರುವವರನ್ನೂ ಬಾ ಎಂದು ಕೂರಿಸಿಕೊಳ್ಳಬೇಕಾದ ಶಾಲೆಯ ಉಪಾಧ್ಯಾಯನಿಗೆ ಇದೇ ನ್ಯಾಯವನ್ನು ಹಚ್ಚಬಹುದೆ? ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯು ಸಭಾಸ್ಥಾನದ ವಿನೋದವಾಗಿ ಉಳಿಯದೆ ಸರ್ಕಾರದ ಕಟ್ಟಳೆಯಾಗಿ ಬಂದು, ಸಾವಿರಾರು ಉಪಾಧ್ಯಾಯರ ಅನ್ನಕ್ಕೆ ಸಂಬಂಧಪಟ್ಟಿತು. ಆ ಕಟ್ಟಳೆಯ ಕೊಂಬೆಯೊಂದು ಕನ್ನಡ ಜಿಲ್ಲೆಗಳವರೆಗೂ ಚಾಚಿತು. ಅದನ್ನು ವಿರೋಧಿಸಿದವರ ಕಥೆಯನ್ನು ತಿಳಿಯುವುದು ಇಂದಿಗೂ ಪ್ರಯೋಜನಕರವಾಗಿದೆ.

ಇಂಗ್ಲೆಂಡಿನ ಸರ್ಕಾರವು ಬಡವರ ವಿದ್ಯಾಭ್ಯಾಸಕ್ಕಾಗಿ ಮೊತ್ತಮೊದಲು ಹಣಕೊಟ್ಟುದು 1833ರಲ್ಲಿ. ಆ ಮೊತ್ತವು 20 ಸಾವಿರ ಪೌಂಡುಗಳು. ಶಾಲೆಗಳನ್ನು ನಡೆಸುತ್ತಿದ್ದವರು ಹೆಚ್ಚಾಗಿ ಚರ್ಚುಗಳಿಗೆ ಸೇರಿದ ಧರ್ಮಸಂಘಗಳವರು. 1839ರಲ್ಲಿ ಈ ಹಣದ ವಿನಿಯೋಗವನ್ನು ನೋಡಿಕೊಳ್ಳುವುದಕ್ಕಾಗಿ ಪ್ರಿವಿ ಕೌನ್ಸಿಲಿನ ವಿದ್ಯಾಸಮಿತಿಯು ಏರ್ಪಟ್ಟಿತು. ಅದರ ಮೊದಲನೆಯ ಕಾರ್ಯದರ್ಶಿಯಾದ ಜೇಮ್ಸ್ ಕೇ ಷಟಲ್‌ವರ್ತನು ವೈದ್ಯನಾಗಿ ಬಡವರ ಕೇರಿಗಳನ್ನು ಕಣ್ಣಾರೆ ಕಂಡವನು. ಒಳ್ಳೆಯ ಉಪಾಧ್ಯಾಯನಿಲ್ಲದೆ ಒಳ್ಳೆಯ ಶಾಲೆಯಿಲ್ಲವೆಂಬುದು ಆತನ ದೃಢವಾದ ನಂಬಿಕೆ. 1846ರಲ್ಲಿ ಆತನು ಗೊತ್ತುಮಾಡಿದ ಏರ್ಪಾಟಿನಂತೆ, ಹದಿಮೂರು ವಯಸ್ಸಿನ ಬುದ್ಧಿವಂತ ಹುಡುಗ ಹುಡುಗಿಯರು ಐದು ವರ್ಷಗಳ ಕಾಲ ಒಬ್ಬ ಉಪಾಧ್ಯಾಯನ ಕೈಕೆಳಗೆ ಶಿಷ್ಯೋಪಾಧ್ಯಾಯರಾಗಿದ್ದು, ಸರ್ಕಾರದ ವೇತನವನ್ನು ಪಡೆದು, ಪರೀಕ್ಷೆ ಕೊಟ್ಟು, ಟ್ರೈನಿಂಗ್ ಕಾಲೇಜನ್ನು ಸೇರಬಹುದಾಗಿತ್ತು. ಅಲ್ಲಿ ಪ್ರಮಾಣಪತ್ರವನ್ನು ಪಡೆದವರಿಗೆ ಶಾಲೆಯವರು ಕೊಡುವ ಸಂಬಳದ ಮೇಲೆ ಸರ್ಕಾರವು ನೇರವಾಗಿ ಇನ್ನಷ್ಟು ಹಣವನ್ನು ಸೇರಿಸಿ ಕೊಡುತ್ತಿತ್ತು. ಮುಪ್ಪಿನಲ್ಲಿ ವಿಶ್ರಾಂತಿ ವೇತನದ ಆಸೆಯೂ ಇತ್ತು. ಕೂಲಿಯವರ ಮನೆಯಲ್ಲಿ ಹುಟ್ಟಿದ ಹುಡುಗನು ವಿದ್ಯೆಯ ಬಲದಿಂದ ಮಾನವಂತನಾಗಿ ಬಾಳಲು ಇದೊಂದು ರಾಜಮಾರ್ಗವಾಯಿತು.

ಆದರೆ ಖರ್ಚು ಏರಿತು. ಇಪ್ಪತ್ತು ಸಾವಿರವಿದ್ದುದು 1861ರ ಹೊತ್ತಿಗೆ ಎಂಟು ಲಕ್ಷ ಪೌಂಡುಗಳನ್ನು ಮೀರಿತು. ಕ್ರಿಮಿಯಾದ ಯುದ್ಧದಿಂದ ಬೊಕ್ಕಸವು ಬಳಲಿದ್ದ ಕಾಲವದು. ಆದಕಾರಣ 1858ರಲ್ಲಿ ನ್ಯೂಕ್ಯಾಸಲ್ ಪ್ರಭುವಿನ ಅಧ್ಯಕ್ಷತೆಯಲ್ಲಿ ಒಂದು ವಿಚಾರಣಾ ಮಂಡಲಿಯು ನೇಮಕವಾಗಿ 1861ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಶಾಲೆಗಳಲ್ಲಿ ಮೇಲಿನ ತರಗತಿಯ ಕೆಲವು ಮಕ್ಕಳಿಗೆ ಪಾಠವು ಚೆನ್ನಾಗಿ ನಡೆಯುತ್ತಿದೆ, ಕೆಳಗಿನ ಎಳೆಯರನ್ನು ಅಲಕ್ಷ್ಯಮಾಡಲಾಗಿದೆ, ನಾಲ್ಕರಲ್ಲಿ ಒಂದು ಪಾಲಿನ ಮಕ್ಕಳಿಗೆ ಮಾತ್ರ ತಕ್ಕಷ್ಟು ವಿದ್ಯೆ ದೊರೆಯುತ್ತಿದೆ ಎಂದು ಮಂಡಲಿಯವರು ಕಂಡುಕೊಂಡರು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಮಂಡಲಿಯು ಸೂಚಿಸಿದ ಪರಿಹಾರವು ಎರಡು ಭಾಗವುಳ್ಳದ್ದು: ಸರ್ಕಾರವು ಹಿಂದಿನಂತೆ ಹಾಜರಿ ಮತ್ತು ತನಿಖೆಯ ಮೇಲೆ ಹಣಕೊಡುತ್ತಿರಬೇಕು, ಅದರ ಜೊತೆಗೆ ಸ್ಥಳೀಯ ತೆರಿಗೆಯಿಂದ, ಮಕ್ಕಳ ಪರೀಕ್ಷೆಯ ಫಲವನ್ನು ನೋಡಿ, ಇನ್ನಷ್ಟು ಸಹಾಯವಾಗಬೇಕು.

ಆಗ ವಿದ್ಯಾಸಮಿತಿಯ ಉಪಾಧ್ಯಕ್ಷನಾಗಿದ್ದವನು ರಾಬರ್ಟ್ ಲೋ. ಮಿತವ್ಯಯದಲ್ಲಿಯೂ ವ್ಯಾಪಾರದ ಸ್ಪರ್ಧೆಯ ನ್ಯಾಯದಲ್ಲಿಯೂ ಆತನಿಗೆ ಪೂರ್ಣವಾದ ವಿಶ್ವಾಸ. ಮಂಡಲಿಯ ಸಲಹೆಯ ಮೊದಲನೆಯ ಭಾಗವನ್ನು ಬದಿಗಿಟ್ಟು ಎರಡನೆಯದನ್ನು ಮಾತ್ರ ಕೈಗೆ ತೆಗೆದುಕೊಂಡು, ಸರ್ಕಾರದ ಹಣವನ್ನೇ ಪರೀಕ್ಷೆಯ ಫಲಕ್ಕೆ ಗಂಟುಹಾಕಿ, ರಿವೈಸ್ಡ್ ಕೋಡ್ ಎಂಬ ಹೆಸರಿನ ಪರಿಷ್ಕೃತ ಕಟ್ಟಳೆಯನ್ನು ಆತನು ಹೊರಡಿಸಿದನು. ಈ ಪದ್ಧತಿಯಲ್ಲಿ ವಿದ್ಯೆಯು ಅಗ್ಗವಾಗದಿದ್ದರೆ ಸಮರ್ಥವಾದರೂ ಆಗುವುದು, ಸಮರ್ಥವಾಗದಿದ್ದರೆ ಅಗ್ಗವಾದರೂ ಆಗುವುದು ಎಂದು 1862ರ ಫೆಬ್ರವರಿಯಲ್ಲಿ ಪಾರ್ಲಿಮೆಂಟಿನ ಮುಂದೆ ಆತನು ಸಮರ್ಥಿಸಿದ ರೀತಿಯು ಪ್ರಸಿದ್ಧವಾಗಿದೆ.

ಕಟ್ಟಳೆಯ ಲೆಕ್ಕವು ಹೀಗಿತ್ತು. ಸರಾಸರಿ ಹಾಜರಿಯ ಮೇಲೆ ಮಗುವೊಂದಕ್ಕೆ 4 ಷಿಲ್ಲಿಂಗು. ಬೆಳಗಿನದೊಂದು, ಮಧ್ಯಾಹ್ನದ್ದೊಂದು ಎಂದು ಎಣಿಸಿ ವರ್ಷದಲ್ಲಿ 200 ಹಾಜರಿಗಳಿಗಿಂತ ಹೆಚ್ಚು ಬಂದ ಪ್ರತಿಯೊಂದು ಮಗುವಿಗೆ ಇನ್ನೂ 8 ಷಿಲ್ಲಿಂಗು. ಆದರೆ ಈ ಎಂಟು ಷಿಲ್ಲಿಂಗುಗಳು ಕೈಗೆ ಬರಬೇಕಾದರೆ ಇನ್‌ಸ್ಪೆಕ್ಟರನ ಎದುರಿನಲ್ಲಿ ಆ ಮಗುವು ಓದು, ಬರಹ, ಲೆಕ್ಕ ಈ ಮೂರರಲ್ಲಿಯೂ ತೇರ್ಗಡೆಯಾಗಬೇಕು. ಒಂದೊಂದರಲ್ಲಿ ತಪ್ಪಿದರೆ 2 ಷಿಲ್ಲಿಂಗು 8 ಪೆನ್ಸುಗಳು ಕಡಿತವಾಗುತ್ತಿದ್ದುವು. ಮಕ್ಕಳನ್ನು ಆರು ದರ್ಜೆಗಳಾಗಿ ವಿಂಗಡಿಸಲಾಗಿತ್ತು. ಮೊದಲನೆಯ ದರ್ಜೆಗೆ ಸಣ್ಣ ಸಣ್ಣ ಪದಗಳ ಓದು, ಇಪ್ಪತ್ತರವರೆಗಿನ ಅಂಕಿಗಳು. ಆರನೆಯದಕ್ಕೆ ವೃತ್ತಪತ್ರಿಕೆಯ ಒಂದು ಸಣ್ಣ ಭಾಗವನ್ನು ಓದಿ, ಅಂಥದನ್ನು ಹೇಳಿಸಿಕೊಂಡು ಬರೆಯುವ ಶಕ್ತಿ. ಮಗುವು ಯಾವ ಮನೆಯಿಂದ ಬಂದಿತು, ವರ್ಷದ ಆರಂಭದಲ್ಲಿ ಏನು ಬಲ್ಲುದಾಗಿತ್ತು, ಎಷ್ಟು ದೂರ ಮುಂದುವರಿಯಿತು ಎಂಬ ವಿಚಾರಗಳಿಗೆ ಈ ಪಟ್ಟಿಯಲ್ಲಿ ಕಲಮೇ ಇರಲಿಲ್ಲ.

ಉಪಾಧ್ಯಾಯನ ಸ್ಥಿತಿಯಲ್ಲಿ ಇದರಿಂದಾದ ಮಾರ್ಪಾಡು ಇದಕ್ಕಿಂತಲೂ ಗಂಭೀರವಾದುದು. ಪ್ರಮಾಣಪತ್ರವುಳ್ಳವನಿಗೆ ಸರ್ಕಾರವು ನೇರವಾಗಿ ಕೊಡುತ್ತಿದ್ದ ಹಣವು ನಿಂತುಹೋಯಿತು. ಇನ್ನು ಮುಂದೆ ಹಣವೆಲ್ಲವೂ ಶಾಲೆಯ ವ್ಯವಸ್ಥಾಪಕರ ಕೈಗೆ. ಅವರೊಡನೆ ಉಪಾಧ್ಯಾಯನು ತನ್ನ ಸಂಬಳಕ್ಕಾಗಿ ಚೌಕಾಸಿ ಮಾಡಿಕೊಳ್ಳಬೇಕು. ವ್ಯವಸ್ಥಾಪಕರಾದರೋ ಸಂಬಳದ ಒಂದು ಭಾಗವನ್ನು ಪರೀಕ್ಷೆಯ ಗಳಿಕೆಯ ಪಾಲಾಗಿಯೇ ಗೊತ್ತುಮಾಡತೊಡಗಿದರು. ವಿಶ್ರಾಂತಿ ವೇತನದ ಆಶ್ವಾಸನೆಯೂ ಮುರಿದುಬಿತ್ತು. ಶಿಷ್ಯೋಪಾಧ್ಯಾಯರಿಗೆ ಸರ್ಕಾರವು ಕೊಡುತ್ತಿದ್ದ ವೇತನವೂ ನಿಂತಿತು. ಹತ್ತು ಹದಿನೈದು ವರ್ಷಗಳ ಹಿಂದೆ ಸರ್ಕಾರದ ಮಾತನ್ನು ನಂಬಿ ಈ ವೃತ್ತಿಗೆ ಕಾಲಿಟ್ಟವರು, ನಡುದಾರಿಯಲ್ಲಿ ಗಾಡಿಯಿಂದ ಇಳಿಸಲ್ಪಟ್ಟವರಂತಾದರು.

ವಿರೋಧವು ನಾಲ್ಕು ದಿಕ್ಕಿನಿಂದಲೂ ಎದ್ದಿತು. ಉಪಾಧ್ಯಾಯರು ಸಭೆಗಳನ್ನು ಸೇರಿಸಿದರು; ಬಿನ್ನಹಗಳು ಪಾರ್ಲಿಮೆಂಟಿಗೆ ಹೋದುವು; ಶಾಲೆಗಳನ್ನು ನಡೆಸುತ್ತಿದ್ದ ಪಾದ್ರಿಗಳೂ ದನಿಗೂಡಿಸಿದರು. ಆಗ್ಗೆ ಅಧಿಕಾರದಲ್ಲಿಲ್ಲದ ಕೇ ಷಟಲ್‌ವರ್ತನು ಗ್ರಾನ್‌ವಿಲ್ ಪ್ರಭುವಿಗೆ ಬಹಿರಂಗ ಪತ್ರವೊಂದನ್ನು ಬರೆದು, ತಾನು ಹದಿನೈದು ವರ್ಷಗಳ ಹಿಂದೆ ನೆಟ್ಟ ಗಿಡದ ಬೇರನ್ನು ಈ ಕಟ್ಟಳೆಯು ಕತ್ತರಿಸುವುದೆಂದು ವಾದಿಸಿದನು. ಎಲ್ಲಕ್ಕಿಂತ ಸಾಹಸದ ವಿರೋಧವು ಮ್ಯಾಥ್ಯೂ ಆರ್ನಾಲ್ಡನದು. ಕವಿಯೆಂದೂ ವಿಮರ್ಶಕನೆಂದೂ ಪ್ರಖ್ಯಾತನಾದ ಈತನು 1851ರಿಂದ ಅದೇ ವಿದ್ಯಾಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ, ಅದೇ ಸಂಬಳದಿಂದ ಸಂಸಾರ ನಡೆಸುತ್ತಿದ್ದವನು. ಆದರೂ 1862ರ ಮಾರ್ಚಿಯಲ್ಲಿ ‘ಫ್ರೇಸರ್ಸ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆಯಲ್ಲಿ ಹೆಸರನ್ನು ಹಾಕದೆ ತನ್ನ ಮೇಲಧಿಕಾರಿಯ ಕಟ್ಟಳೆಯನ್ನು ಖಂಡಿಸಿ ಪ್ರಬಂಧವನ್ನು ಪ್ರಕಟಿಸಿದನು.

ವಿರೋಧಿಗಳ ವಾದಗಳನ್ನು ಒಟ್ಟುಗೂಡಿಸಿದರೆ ಮೂರು ಮಾತುಗಳಾಗುವುವು. ಮೊದಲನೆಯದು, ಬಡವರ ಮಕ್ಕಳು ಓದು ಬರಹದಲ್ಲಿ ಹಿಂದುಳಿಯುವುದಕ್ಕೆ ಮುಖ್ಯವಾದ ಕಾರಣವು ಉಪಾಧ್ಯಾಯನ ಸೋಮಾರಿತನವಲ್ಲ. ಅವರು ಹತ್ತು ಹನ್ನೊಂದು ವಯಸ್ಸಿಗೆ ಶಾಲೆಯನ್ನು ಬಿಟ್ಟು ಗದ್ದೆಗೋ ಗಿರಣಿಗೋ ಹೋಗಬೇಕಾಗಿದ್ದುದು. ಎರಡನೆಯದು, ಹಾಜರಿಯು ಕಡಮೆಯಾಗಿ ಮಕ್ಕಳು ತೀರ ಹಿಂದುಳಿದಿರುವ ಬಡ ಹಳ್ಳಿಯ ಶಾಲೆಗೇ ಹಣವು ಕಡಿತವಾಗುವುದರಿಂದ, ಸಹಾಯವು ಹೆಚ್ಚು ಬೇಕಾದ ಕಡೆಗೆ ಕಡಮೆಯಾಗಿ, ಬೇಡದ ಕಡೆಗೆ ಹೆಚ್ಚಾಗಿ ಹರಿಯುವುದು. ಮೂರನೆಯದು, ಶಾಲೆಯು ಓದು ಬರಹ ಲೆಕ್ಕಗಳನ್ನು ತಯಾರಿಸುವ ಕಾರ್ಖಾನೆಯಲ್ಲ. ಒರಟು ಬಾಳಿನಲ್ಲಿ ಬೆಳೆಯುವ ಮಗುವಿಗೆ ಸಂಸ್ಕಾರವನ್ನೂ ಸೌಜನ್ಯವನ್ನೂ ಕೊಡುವ ಸ್ಥಾನವದು. ಆ ಕೆಲಸಕ್ಕೆ ಬೆಲೆಯೇ ಇಲ್ಲವೆಂದು ಸರ್ಕಾರವು ಸಾರಿದರೆ ಅದನ್ನು ಮಾಡುವವರು ಯಾರೂ ಉಳಿಯುವುದಿಲ್ಲ. ತನಿಖೆಯೇ ಬೇಡವೆಂದು ಇವರಲ್ಲಿ ಮುಖ್ಯರಾದವರು ಯಾರೂ ಹೇಳಲಿಲ್ಲವೆಂಬುದನ್ನು ಗಮನಿಸತಕ್ಕದ್ದು. ಆರ್ನಾಲ್ಡನ ಜೀವಿತವೇ ತನಿಖೆಯಲ್ಲಿ ಕಳೆಯಿತು. ಸಂಬಳವನ್ನು ಒಂದು ದಿನದ ಪರೀಕ್ಷೆಗೆ ಕಟ್ಟಬಾರದೆಂಬುದೇ ಅವರ ವಾದ.

ಲೋ ಮಂತ್ರಿಯ ಕಣ್ಣಿಗೆ ಇದು ಸ್ವಾರ್ಥಿಗಳ ಕೂಗಾಗಿ ಕಂಡಿತು. ಕೋಳಿಮರಿಗಳು ತಮ್ಮನ್ನು ಯಾವ ಸಾರಿನೊಡನೆ ಬಡಿಸಬೇಕೆಂದು ತಾವೇ ಗೊತ್ತುಮಾಡಬಯಸುವುದು ಹೇಗೋ, ಉಪಾಧ್ಯಾಯರು ಕಟ್ಟಳೆಯನ್ನು ವಿಮರ್ಶಿಸಬಯಸುವುದೂ ಹಾಗೆಯೇ ಉದ್ಧಟತನವೆಂದು ಆತನು ಹಾಸ್ಯಮಾಡಿದನೆಂಬ ಮಾತು ಪ್ರಚಲಿತವಾಗಿದೆ. ಆದರೂ ವಿರೋಧವು ಪೂರ್ತಿ ವ್ಯರ್ಥವಾಗಲಿಲ್ಲ. ಮೊದಲು ಮಕ್ಕಳನ್ನು ವಯಸ್ಸಿಗನುಸಾರವಾಗಿ ವಿಂಗಡಿಸಿ ಪರೀಕ್ಷಿಸಬೇಕೆಂದಿದ್ದುದು ದರ್ಜೆಗನುಸಾರವಾಗಿ ಎಂದು ಬದಲಾಯಿತು. ಆರು ವರ್ಷಕ್ಕೆ ಕೆಳಗಿನ ಶಿಶುಗಳಿಗೆ ಪರೀಕ್ಷೆಯು ತಪ್ಪಿತು. ಹಣದ ಒಂದು ಭಾಗವು ಹಾಜರಿಯ ಮೇಲೆಯೇ ಉಳಿಯಿತು. ಈ ತಿದ್ದುಪಡಿಗಳೊಡನೆ ಕಟ್ಟಳೆಯು ಜಾರಿಗೆ ಬಂದಿತು.

ಅನಂತರ ಶಾಲೆಗಳಲ್ಲಿ ನಡೆದುದನ್ನು ಇನ್‌ಸ್ಪೆಕ್ಟರುಗಳೇ ಬರೆದಿಟ್ಟಿದ್ದಾರೆ. ಪರೀಕ್ಷೆಗೆ ಗೊತ್ತಾದ ಒಂದು ಪುಸ್ತಕವನ್ನು ವರ್ಷವೆಲ್ಲ ತಿರುವಿಹಾಕಿ ಮಕ್ಕಳು ಬಾಯಿಪಾಠ ಮಾಡಿದರು. ಅದೇ ಮಗುವಿನ ಕೈಗೆ ಕಾಣದ ಪುಸ್ತಕವನ್ನು ಕೊಟ್ಟರೆ ಅಕ್ಷರವು ಹೊರಡುತ್ತಿರಲಿಲ್ಲ. ಜಾಣತನದಿಂದ ತಯಾರುಮಾಡಿದರೆ, ಓದು ಬರಹ ಲೆಕ್ಕಗಳನ್ನು ನಿಜವಾಗಿ ಬಾರದ ಮಕ್ಕಳನ್ನೂ ಅವುಗಳ ಪರೀಕ್ಷೆಯಲ್ಲಿ ದಾಟಿಸಬಹುದೆಂದು ಆರ್ನಾಲ್ಡನು 1867ರ ವರದಿಯಲ್ಲಿ ತಿಳಿಸಿದನು. ಭೂಗೋಳ, ಇತಿಹಾಸ, ವ್ಯಾಕರಣಗಳಿಗೆ ಕಾಸು ಹುಟ್ಟದುದರಿಂದ ಅವು ಬಹುಮಟ್ಟಿಗೆ ಮೂಲೆಗೆ ಬಿದ್ದುವು; ಅದನ್ನು ಸರಿಪಡಿಸಲು 1867ರಲ್ಲಿ ಅವುಗಳಿಗೂ ಬೇರೆ ಹಣವನ್ನು ಗೊತ್ತುಮಾಡಬೇಕಾಯಿತು. ಪರೀಕ್ಷೆಯ ದಿನ ಕಾಯಿಲೆಯ ಮಗುವನ್ನೂ ಹೊದಿಕೆಯಲ್ಲಿ ಸುತ್ತಿ ತಂದು ಕೂರಿಸುತ್ತಿದ್ದುದುಂಟು. ಬಾರದಿದ್ದರೆ ಎಂಟು ಷಿಲ್ಲಿಂಗಿನ ನಷ್ಟ. ಉಪಾಧ್ಯಾಯನಾಗಬಯಸುವವರೂ ಕಡಮೆಯಾದರು. 1861ರಲ್ಲಿ 36 ಮಕ್ಕಳಿಗೆ ಒಬ್ಬ ಶಿಷ್ಯೋಪಾಧ್ಯಾಯನಿದ್ದರೆ, 1866ರಲ್ಲಿ 54 ಮಕ್ಕಳಿಗೆ ಒಬ್ಬ. ಸರ್ಕಾರದ ಖರ್ಚು ಮಾತ್ರ, ಸುಮಾರು 8 ಲಕ್ಷ 13 ಸಾವಿರ ಪೌಂಡುಗಳಿದ್ದುದು, 1865ರ ಹೊತ್ತಿಗೆ ಸುಮಾರು 6 ಲಕ್ಷ 37 ಸಾವಿರಕ್ಕೆ ಇಳಿಯಿತು. ಸಮರ್ಥವೋ ಅಗ್ಗವೋ ಎಂದು ಮಂತ್ರಿಯು ಇಟ್ಟ ಎರಡು ಆಸೆಗಳಲ್ಲಿ ಯಾವುದು ಕೈಗೂಡಿತೆಂಬುದನ್ನು ಈ ಅಂಕಿಗಳು ಹೇಳುತ್ತವೆ.

ಈ ಪದ್ಧತಿಯ ಅತ್ಯಂತ ಆಳವಾದ ಗಾಯವು ಅಂಕಿಗಳಿಗೆ ಸಿಕ್ಕುವಂಥದಲ್ಲ. ಇನ್‌ಸ್ಪೆಕ್ಟರನು ಹಿಂದೆ ಉಪಾಧ್ಯಾಯನ ಹಿರಿಯ ಸ್ನೇಹಿತನಂತೆ ಶಾಲೆಗೆ ಬಂದು ಪಾಠವನ್ನು ಕೇಳಿ ಸಲಹೆ ಕೊಡುತ್ತಿದ್ದನು; ಈಗ ತಪ್ಪನ್ನು ಹುಡುಕಿ ಹಣವನ್ನು ಕಡಿಯುವ ಲೆಕ್ಕಿಗನಾದನು. ದಡ್ಡ ಹುಡುಗನು ಹಿಂದೆ ಉಪಾಧ್ಯಾಯನ ಕರುಣೆಗೆ ಪಾತ್ರನಾಗಿದ್ದನು. ಈಗ ಅವನ ಮನೆಯ ಅನ್ನಕ್ಕೆ ಅಡ್ಡಬಂದವನಾದನು. ಗುರುಶಿಷ್ಯರ ನಡುವೆ ಕಾಸು ಬಂದು ಕುಳಿತರೆ ಇಬ್ಬರ ಮನಸ್ಸೂ ಕೆಡುವುದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಕಾಗಿಲ್ಲ. ಮುಖ್ಯ ಇನ್‌ಸ್ಪೆಕ್ಟರಾಗಿದ್ದ ಎಡ್ಮಂಡ್ ಹೋಮ್ಸ್ ಎಂಬಾತನು ನಿವೃತ್ತನಾದ ಮೇಲೆ 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಈ ಪದ್ಧತಿಯು ಉಪಾಧ್ಯಾಯನನ್ನೂ ಮಗುವನ್ನೂ ಯಂತ್ರಗಳನ್ನಾಗಿಸಿತೆಂದೂ, ಅದು ಹೋದ ಮೇಲೆಯೂ ಅದರ ಅಭ್ಯಾಸಗಳು ಶಾಲೆಗಳಲ್ಲಿ ಉಳಿದುಕೊಂಡಿವೆಯೆಂದೂ ಕಠಿಣವಾಗಿ ವಿಮರ್ಶಿಸಿದನು.

1864ರಲ್ಲಿ, ಇನ್‌ಸ್ಪೆಕ್ಟರುಗಳ ವರದಿಗಳಿಂದ ಇಲಾಖೆಗೆ ಹಿಡಿಸದ ಮಾತುಗಳನ್ನು ತೆಗೆಯಿಸಲಾಗಿದೆಯೆಂಬ ಆಪಾದನೆಯ ಮೇಲೆ ಪಾರ್ಲಿಮೆಂಟು ಖಂಡನೆಯ ನಿರ್ಣಯವನ್ನು ಮಾಡಲು, ಲೋ ತನ್ನ ಪದವಿಗೆ ರಾಜೀನಾಮೆ ಕೊಟ್ಟನು. ಮುಂದಿನ ವಿಚಾರಣೆಯಲ್ಲಿ ಆತನ ವೈಯಕ್ತಿಕವಾದ ಮಾನವು ಉಳಿಯಿತು. ಮಂತ್ರಿಯು ಹೋದರೂ ಕಟ್ಟಳೆಯು ಹೋಗಲಿಲ್ಲ. ಹರಿದು ಹಂಚಿಹೋಗಿದ್ದ ಉಪಾಧ್ಯಾಯರು ಒಂದುಗೂಡದೆ ಗತಿಯಿಲ್ಲವೆಂಬುದನ್ನು ಈ ಸೋಲಿನಿಂದಲೇ ಕಲಿತರು. 1870ರ ಜೂನ್ ತಿಂಗಳಲ್ಲಿ ಲಂಡನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರ ರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು. ಅದರ ಮೊದಲನೆಯ ಅಧ್ಯಕ್ಷನಾದ ಜೆ. ಜೆ. ಗ್ರೇವ್ಸನು ನಾರ್ತಾಂಪ್ಟನ್ ಸೀಮೆಯ ಲ್ಯಾಂಪೋರ್ಟ್ ಎಂಬ ಹಳ್ಳಿಯ ಶಾಲೆಯ ಮೇಷ್ಟರು. ಕಟ್ಟಳೆಯ ತಿದ್ದುಪಡಿ, ಕೆಲಸದ ಭದ್ರತೆ, ವಿಶ್ರಾಂತಿ ವೇತನ, ಅನ್ಯಾಯವಾದಾಗ ಮೇಲ್ಮನವಿಯ ಹಕ್ಕು, ಪಾಠಕ್ಕೆ ಸಂಬಂಧವಿಲ್ಲದ ಬಿಟ್ಟಿ ಕೆಲಸಗಳಿಂದ ಬಿಡುಗಡೆ—ಇವು ಸಂಘದ ಬೇಡಿಕೆಗಳಲ್ಲಿ ಮುಖ್ಯವಾದುವು. ಚರ್ಚಿನಲ್ಲಿ ವಾದ್ಯ ನುಡಿಸುವುದು, ಭಾನುವಾರದ ಪಾಠ ಹೇಳುವುದು ಮುಂತಾದುವನ್ನು ಒಪ್ಪದಿದ್ದರೆ ಕೆಲಸವೇ ಹೋಗಬಹುದಾಗಿದ್ದ ಕಾಲದಲ್ಲಿ ಭದ್ರತೆಯ ಬೇಡಿಕೆಯು ಸೋಮಾರಿಯ ಆಸೆಯಾಗಿರಲಿಲ್ಲ, ನಿರ್ಭಯವಾಗಿ ಪಾಠ ಹೇಳುವ ಹಕ್ಕಾಗಿತ್ತು. ಇಪ್ಪತ್ತು ವರ್ಷಗಳ ಶ್ರಮದ ಮೇಲೆ 1890ರ ಕಟ್ಟಳೆಯು ಗಂಟನ್ನು ಸಡಿಲಿಸಿತು. 1895ರಲ್ಲಿ ಸಾಮಾನ್ಯವಾಗಿ ವಾರ್ಷಿಕ ಪರೀಕ್ಷೆಗೆ ಬದಲಾಗಿ ತನಿಖೆಯು ಬಂದಿತು. 1897ರ ಹೊತ್ತಿಗೆ ಫಲಾನುಸಾರ ವೇತನವು ಪೂರ್ತಿಯಾಗಿ ಮರೆಯಾಯಿತು. 1898ರಲ್ಲಿ ಉಪಾಧ್ಯಾಯರ ವಿಶ್ರಾಂತಿ ವೇತನಕ್ಕೆ ಪಾರ್ಲಿಮೆಂಟು ಕಾನೂನನ್ನೇ ಮಾಡಿತು. ಸೋತವರು ಮೂವತ್ತೈದು ವರ್ಷಗಳ ಮೇಲೆ ಗೆದ್ದರು. ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಬಾಯಿಪಾಠದಲ್ಲಿಯೇ ಶಾಲೆಯನ್ನು ಮುಗಿಸಿ ಹೋಗಿದ್ದರು.

ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಪದ್ಧತಿಯು ಹಡಗನ್ನೇರಿ ಭರತಖಂಡಕ್ಕೂ ಬಂದಿತು. 1854ರ ವುಡ್ ಮಹಾಶಯನ ಆಜ್ಞಾಪತ್ರದಂತೆ ಖಾಸಗಿ ಶಾಲೆಗಳಿಗೆ ಸಹಾಯಧನವನ್ನು ಕೊಡುವ ಕ್ರಮವು ಇಲ್ಲಿ ಪ್ರಾರಂಭವಾಗಿತ್ತು. 1860ರ ದಶಕದಲ್ಲಿಯೇ ಮುಂಬಯಿ, ಮದರಾಸು ಎರಡು ಪ್ರಾಂತಗಳೂ ಸಹಾಯಧನವನ್ನು ಪರೀಕ್ಷೆಯ ಫಲಕ್ಕೆ ಸೇರಿಸುವ ನಿಬಂಧನೆಗಳನ್ನು ಮಾಡಿದುವು. ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಸೀಮೆಗಳು ಆಗ ಮುಂಬಯಿಗೂ, ದಕ್ಷಿಣ ಕನ್ನಡ, ಬಳ್ಳಾರಿಗಳು ಮದರಾಸಿಗೂ ಸೇರಿದ್ದುವು. ಮುಂಬಯಿಯ ಕಡೆ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಿನವನ್ನು ಇಲಾಖೆಯವರೇ ನಡೆಸುತ್ತಿದ್ದುದರಿಂದ ಈ ನಿಬಂಧನೆಯ ಬಿಸಿಯು ಸಹಾಯಧನವನ್ನು ಪಡೆಯುವ ಖಾಸಗಿ ಮತ್ತು ಮಿಷನ್ ಶಾಲೆಗಳಿಗೆ ಮಾತ್ರ ತಟ್ಟಿತು; ಮದರಾಸಿನ ಕಡೆ ಸಹಾಯಧನದ ಶಾಲೆಗಳೇ ಹೆಚ್ಚಾಗಿದ್ದುದರಿಂದ ಅಲ್ಲಿ ಅದರ ವ್ಯಾಪ್ತಿಯು ದೊಡ್ಡದಾಯಿತು. ಇದಕ್ಕೆ ಮುಂಚೆ ಊರ ಐಗಳಿಗೆ ಊರವರೇ ಧಾನ್ಯವನ್ನೋ ಕಾಸನ್ನೋ ಕೊಡುತ್ತಿದ್ದರು. ಮಹಾನವಮಿಯಲ್ಲಿ ಹುಡುಗರು ಮನೆಮನೆಯ ಮುಂದೆ ಪದ ಹಾಡಿ ಗುರುಗಳಿಗೆ ಕಾಣಿಕೆಯನ್ನು ತರುತ್ತಿದ್ದರು. ಆ ಬದುಕು ಬಡದಾಗಿದ್ದರೂ ಮಗುವಿನ ತಪ್ಪುಲೆಕ್ಕಕ್ಕಾಗಿ ಐಗಳ ಧಾನ್ಯವನ್ನು ಅಳೆದು ಕಡಿಯುವ ಪದ್ಧತಿಯು ಅದರಲ್ಲಿರಲಿಲ್ಲ.

1882ರಲ್ಲಿ ಹಂಟರನ ಅಧ್ಯಕ್ಷತೆಯಲ್ಲಿ ಕುಳಿತ ವಿದ್ಯಾಮಂಡಲಿಯು, ಪ್ರಾಥಮಿಕ ಶಾಲೆಗಳ ಸಹಾಯವು ಬಹುಮಟ್ಟಿಗೆ ಪರೀಕ್ಷೆಯ ಫಲವನ್ನೇ ಅನುಸರಿಸಬೇಕೆಂದು ಸಲಹೆಮಾಡಿತು. ಹಿಂದುಳಿದ ಪ್ರದೇಶಗಳ ಶಾಲೆಗಳಿಗೆ ಮಾತ್ರ ಬೇರೆ ನಿಯಮಗಳಿರಬಹುದೆಂದು ಒಂದು ವಿನಾಯಿತಿಯನ್ನಿಟ್ಟಿತು. ಇಂಗ್ಲೆಂಡಿನ ವಿರೋಧಿಗಳು ಇಪ್ಪತ್ತು ವರ್ಷಗಳ ಹಿಂದೆ ಕೂಗಿ ಹೇಳಿದ ಎರಡನೆಯ ವಾದವು ಈ ವಿನಾಯಿತಿಯಲ್ಲಿ ಅರ್ಧ ಒಪ್ಪಿಗೆಯನ್ನು ಪಡೆದಂತಾಯಿತು. ಕೊನೆಗೆ 1904ರ ಮಾರ್ಚಿಯಲ್ಲಿ ಕರ್ಜನ್ ಪ್ರಭುವಿನ ಸರ್ಕಾರವು ಹೊರಡಿಸಿದ ವಿದ್ಯಾನೀತಿಯ ನಿರ್ಣಯದೊಡನೆ ಫಲಾನುಸಾರದ ಸಹಾಯವು ಇಲ್ಲಿಯೂ ಕೊನೆಗಂಡಿತು. ಆದರೆ ಪರೀಕ್ಷೆಗಾಗಿಯೇ ಪಾಠವೆಂಬ ಬುದ್ಧಿಯು ನಿರ್ಣಯವೊಂದರಿಂದ ಹೋಗುವಂಥದಾಗಿರಲಿಲ್ಲ.

ಇದೆಲ್ಲವೂ ಮುಗಿದುಹೋದ ಕಥೆಯೆಂದು ವಾಚಕರು ಭಾವಿಸಬಾರದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 2009ರ ಸುಮಾರಿಗೆ, ಮಕ್ಕಳ ಪರೀಕ್ಷೆಯ ಅಂಕಗಳಿಂದ ಉಪಾಧ್ಯಾಯರನ್ನು ಅಳೆಯುವ ಸಂಸ್ಥಾನಗಳಿಗೆ ಕೇಂದ್ರ ಸರ್ಕಾರವು ಸಹಾಯದಲ್ಲಿ ಪ್ರಾಶಸ್ತ್ಯವನ್ನು ಕೊಡತೊಡಗಿತು. ಫ್ಲಾರಿಡಾ ಸಂಸ್ಥಾನದಲ್ಲಿ 2010ರಲ್ಲಿ ಇಂಥ ಮಸೂದೆಯನ್ನು ಉಪಾಧ್ಯಾಯರ ದೊಡ್ಡ ವಿರೋಧವನ್ನು ಕಂಡು ಅಲ್ಲಿಯ ಗವರ್ನರು ತಿರಸ್ಕರಿಸಿದನು. ಮರುವರ್ಷ ಹೊಸ ಗವರ್ನರಿನ ಕಾಲದಲ್ಲಿ ಅಂಥದೇ ಮಸೂದೆಯು ಕಾನೂನಾಯಿತು. ಹೊಸದಾಗಿ ಸೇರುವವರಿಗೆ ಕೆಲಸದ ಭದ್ರತೆಯು ಹೋಗಿ ವರ್ಷ ವರ್ಷದ ಕರಾರು ಬಂದಿತು. ತಾವು ಪಾಠವನ್ನೇ ಹೇಳದ ಮಕ್ಕಳ ಅಂಕಗಳಿಂದ ತಮ್ಮನ್ನು ಅಳೆಯಲಾಗುತ್ತಿದೆಯೆಂದು ಕೆಲವರು ಉಪಾಧ್ಯಾಯರು 2013ರಲ್ಲಿ ನ್ಯಾಯಾಲಯಕ್ಕೆ ಹೋದರು. ಈ ಕ್ರಮವು ಉಚಿತವಲ್ಲದಿದ್ದರೂ ಸಂವಿಧಾನಕ್ಕೆ ವಿರೋಧವಲ್ಲವೆಂದು 2014ರಲ್ಲಿ ತೀರ್ಪಾಯಿತು. ರಾಣಿ ಧಾರಿಣಿಯ ಸಂದೇಹವು ಶಿಷ್ಯೆಯು ಮಂದಮತಿಯಾದರೆ ಎಂಬಷ್ಟಕ್ಕೆ ನಿಂತಿತ್ತು. ತನ್ನ ಶಿಷ್ಯೆಯೇ ಅಲ್ಲದವಳಾದರೆ ಎಂಬುದು ಅವಳಿಗೂ ಹೊಳೆದಿರಲಿಲ್ಲ. ಓಹಾಯೋ ಸಂಸ್ಥಾನದಲ್ಲಿ ಸರ್ಕಾರಿ ನೌಕರರ ಸಂಘಗಳ ಹಕ್ಕನ್ನು ಕುಗ್ಗಿಸಿ ಉಪಾಧ್ಯಾಯರ ವೇತನವನ್ನು ಯೋಗ್ಯತೆಯ ಅಳತೆಗೆ ಸೇರಿಸಿದ ಕಾನೂನನ್ನು 2011ರ ನವೆಂಬರಿನಲ್ಲಿ ಮತದಾರರೇ ರದ್ದುಮಾಡಿದರು. ಐಡಾಹೊ ಸಂಸ್ಥಾನದಲ್ಲಿ ಇಂಥ ಮೂರು ಕಾನೂನುಗಳು 2012ರ ನವೆಂಬರಿನಲ್ಲಿ ಜನಮತದಿಂದಲೇ ಬಿದ್ದುವು. 2015ರ ಕೊನೆಯಲ್ಲಿ ಕೇಂದ್ರದ ಹೊಸ ಕಾನೂನು ಉಪಾಧ್ಯಾಯರನ್ನು ಅಳೆಯುವ ಕ್ರಮವನ್ನು ಆಯಾ ಸಂಸ್ಥಾನಗಳ ಇಷ್ಟಕ್ಕೇ ಬಿಟ್ಟುಕೊಟ್ಟಿತು.

ಎರಡು ದೇಶಗಳ, ಎರಡು ಕಾಲಗಳ ಈ ವಿರೋಧಗಳಲ್ಲಿ ಒಂದು ಸಮಾನವಾದ ಅಂಶವುಂಟು. ಸರ್ಕಾರದ ಹಣವನ್ನು ಪಡೆಯುವವನು ಲೆಕ್ಕವೊಪ್ಪಿಸತಕ್ಕದ್ದೆಂಬುದು ನ್ಯಾಯವಾದ ಮಾತು. ಅಲಕ್ಷ್ಯದಿಂದ ಮಕ್ಕಳ ಕಾಲವನ್ನು ಹಾಳುಮಾಡುವ ಉಪಾಧ್ಯಾಯನಿಗೆ ಯಾವ ಸಂಘವೂ ಆಶ್ರಯ ಕೊಡಬಾರದು. ನ್ಯೂಕ್ಯಾಸಲ್ ಮಂಡಲಿಯು ಕಂಡ ದೋಷಗಳು ಸುಳ್ಳಾಗಿರಲಿಲ್ಲ. ಆದರೆ ಯಾವುದು ಉಪಾಧ್ಯಾಯನ ಕೈಯಲ್ಲಿದೆಯೋ ಅದಕ್ಕೆ ಮಾತ್ರ ಅವನು ಉತ್ತರವಾದಿ. ಪಾಠಕ್ಕೆ ಸಿದ್ಧನಾಗಿ ಬರುವುದು, ಮಕ್ಕಳನ್ನು ಸಮಾನವಾಗಿ ಕಾಣುವುದು, ತಿಳಿಯದವನಿಗೆ ಮತ್ತೆ ಹೇಳುವುದು ಅವನ ಕೈಯಲ್ಲಿವೆ. ಇವನ್ನು ತರಗತಿಯಲ್ಲಿ ಕುಳಿತು ನೋಡಬಲ್ಲ ಅನುಭವಸ್ಥನೇ ಅಳೆಯಬಲ್ಲನು. ಮಗುವಿನ ಹಸಿವು, ತಂದೆಯ ಸಾಲ, ಕೊಯ್ಲಿನ ಕಾಲದ ಗೈರುಹಾಜರಿ ಅವನ ಕೈಯಲ್ಲಿಲ್ಲ. ಇವನ್ನು ಅವನ ಸಂಬಳದಿಂದ ವಸೂಲುಮಾಡುವ ಕಟ್ಟಳೆಯು ಕೊನೆಗೆ ವಸೂಲುಮಾಡುವುದು ಆ ಮಗುವಿನಿಂದಲೇ. ಏಕೆಂದರೆ ಅಂಥ ಮಗುವಿರುವ ಶಾಲೆಗೆ ಒಳ್ಳೆಯ ಉಪಾಧ್ಯಾಯನು ಬರಲು ಹಿಂಜರಿಯುವನು. ಬಂದರೂ ಅದನ್ನು ಪ್ರೀತಿಯಿಂದ ಕಾಣುವುದು ಅವನಿಗೆ ಕಷ್ಟವಾಗುವುದು. 1862ರಲ್ಲಿ ಸ್ವಾರ್ಥಿಗಳೆಂದು ಕರೆಯಿಸಿಕೊಂಡ ಉಪಾಧ್ಯಾಯರು ತಮ್ಮ ಎಂಟು ಷಿಲ್ಲಿಂಗಿಗಾಗಿ ಹೋರಾಡಿದುದು ನಿಜ. ಆ ಎಂಟು ಷಿಲ್ಲಿಂಗಿನ ಹಿಂದೆ ಕೊನೆಯ ಬೆಂಚಿನ ದಡ್ಡ ಹುಡುಗನ ಭಾಗ್ಯವೂ ಇದ್ದಿತೆಂಬುದು ಇಂಗ್ಲೆಂಡಿನ ಸರ್ಕಾರಕ್ಕೆ ತಿಳಿಯಲು ಮೂವತ್ತೈದು ವರ್ಷಗಳು ಬೇಕಾದುವು.